ಮುಟ್ಟಿದ ಕೈ

ನಾನು ಚಿಕ್ಕವನಾಗಿದ್ದಾಗ ನಮ್ಮೂರ ಸಂತೆಯ ದಿನ, ಊರ ಹೊರಗಿನ ಆಲದ ಮರದ ಕೆಳಗೆ ನಾಲ್ಕಾರು ಮಂದಿ ಕುಷ್ಠರೋಗಿಗಳು ಬಂದು ಕೂಡುತ್ತಿದ್ದರು. ಅವರಿಗೆ ಕಾಸು ಕೊಡದೆ ಹೋಗುವವರು ಕಡಮೆ. ಆದರೆ ಕೊಡುವವರೆಲ್ಲ ಮಾರುದೂರದಲ್ಲಿ ನಿಂತು ಎಸೆಯುತ್ತಿದ್ದರು. ನಾನೂ ಹಾಗೆಯೆ ಎಸೆದವನು. ಒಮ್ಮೆ ನಾನೆಸೆದ ಕಾಸು ತಟ್ಟೆಗೆ ಬೀಳದೆ ಉರುಳಿಹೋಯಿತು. ಬೆರಳಿಲ್ಲದ ಕೈಯೊಂದು ಅದನ್ನು ಮಣ್ಣಿನಿಂದ ಎತ್ತಲು ಬಹಳ ಹೊತ್ತು ಹೆಣಗಿತು. ನಾನು ನೋಡುತ್ತ ನಿಂತೆನೇ ಹೊರತು ಎತ್ತಿಕೊಡಲಿಲ್ಲ. ಆ ಮಾರುದೂರ ಎಷ್ಟು ದೊಡ್ಡದೆಂಬುದು, ಬಹಳ ವರ್ಷಗಳ ಮೇಲೆ ಡೇಮಿಯನ್ ಪಾದ್ರಿಯ ಚರಿತ್ರೆಯನ್ನು ಓದಿದಾಗ ನನಗೆ ತಿಳಿಯಿತು.

ದೇವರ ಸ್ವಭಾವವನ್ನೂ ಶಕ್ತಿಯನ್ನೂ ತನ್ನ ಬಾಳಿನಲ್ಲಿ ಪರರಿಗೆ ಕಾಣಿಸಬೇಕೆಂಬುದು ಕ್ರೈಸ್ತನ ಮೇಲಿರುವ ಹೊಣೆ. ಸ್ವಭಾವವೆಂದರೆ ಕರುಣೆ ಎನ್ನೋಣ. ಶಕ್ತಿಯೆಂದರೇನು? ಕ್ರಿಸ್ತನು ಕುಷ್ಠರೋಗಿಯನ್ನು ಮುಟ್ಟಿದನು, ರೋಗಿ ಶುದ್ಧನಾದನು ಎಂದು ಸುವಾರ್ತೆಗಳು ಹೇಳುತ್ತವೆ. ಮುಟ್ಟುವುದು ಮನುಷ್ಯನ ಅಳವಿನಲ್ಲಿದೆ. ಗುಣಪಡಿಸುವ ಶಕ್ತಿಯಿಲ್ಲದವನು ಮುಟ್ಟಿ ಪ್ರಯೋಜನವೇನು? ಹತ್ತೊಂಬತ್ತನೆಯ ಶತಮಾನದ ಹವಾಯಿಯಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಾಗಿ ಉಳಿಯಲಿಲ್ಲ.

ಹವಾಯಿ ಆಗ ಸ್ವತಂತ್ರ ರಾಜ್ಯ. ಹೊರಗಿನಿಂದ ಬಂದ ಕುಷ್ಠ ಅಲ್ಲಿ ಹಬ್ಬುತ್ತಿರಲು, ರೋಗಿಗಳನ್ನು ಬೇರ್ಪಡಿಸುವ ಕಾನೂನು 1865ರಲ್ಲಿ ಹುಟ್ಟಿತು. ಮರುವರ್ಷ ಮೊದಲ ರೋಗಿಗಳನ್ನು ಮೊಲೊಕಾಯ್ ದ್ವೀಪದ ಒಂದು ಚಾಚುನೆಲಕ್ಕೆ ಸಾಗಿಸಿದರು. ಮೂರು ಕಡೆ ಸಮುದ್ರ, ಒಂದು ಕಡೆ ಗೋಡೆಯಂತೆ ನಿಂತ ಕಡಿಬಂಡೆ. ಸೆರೆಮನೆಯನ್ನು ಪ್ರಕೃತಿಯೇ ಕಟ್ಟಿಕೊಟ್ಟಿತ್ತು. ಕಾನೂನು ರದ್ದಾದದ್ದು 1969ರಲ್ಲಿ. ಅಷ್ಟರಲ್ಲಿ ಸುಮಾರು 8,000 ಜನರನ್ನು ಅಲ್ಲಿಗೆ ಕಳುಹಿಸಲಾಗಿತ್ತು. ಹೆಂಡತಿ ಗಂಡನಿಂದಲೂ ಮಗು ತಾಯಿಯಿಂದಲೂ ಅಗಲಿದ ಲೆಕ್ಕವಿದು.

1873ರ ಮೇ ತಿಂಗಳಲ್ಲಿ ಬೆಲ್ಜಿಯಮ್ಮಿನ ಒಬ್ಬ ರೈತನ ಮಗ ಅಲ್ಲಿ ಬಂದಿಳಿದ. ಹೆಸರು ಡೇಮಿಯನ್, ವಯಸ್ಸು 33. ನಾಲ್ವರು ಪಾದ್ರಿಗಳು ಸರದಿಯಂತೆ ಹೋಗಿಬರಬೇಕೆಂಬುದು ಮೊದಲ ಏರ್ಪಾಡು. ಮೊದಲ ಸರದಿಯವನಾದ ಡೇಮಿಯನ್ ಅಲ್ಲಿಯೇ ನಿಂತುಬಿಟ್ಟ. ಅವನು ಹುಣ್ಣುಗಳನ್ನು ತೊಳೆದು ಕಟ್ಟಿದ, ಮನೆಗಳನ್ನು ಎಬ್ಬಿಸಿದ, ನೀರಿಗೆ ಕೊಳವೆ ಹಾಕಿಸಲು ದುಡಿದ, ಶವಪೆಟ್ಟಿಗೆಗಳನ್ನು ಮಾಡಿದ, ಗೋರಿಗಳನ್ನು ತೋಡಿದ. ರೋಗಿಗಳೊಂದಿಗೆ ಒಂದೇ ಪಾತ್ರೆಯಲ್ಲಿ ಕೈಯಿಟ್ಟು ಉಂಡ. ಆದರೆ ಒಬ್ಬ ರೋಗಿಯನ್ನಾದರೂ ಗುಣಪಡಿಸಲಿಲ್ಲ. ನಾರ್ವೆಯ ಹ್ಯಾನ್ಸೆನ್ ಕುಷ್ಠದ ರೋಗಾಣುವನ್ನು ಕಂಡದ್ದು ಅದೇ 1873ರಲ್ಲಿ. ಫಲ ಕೊಡುವ ಮದ್ದು ಬರಲು 1940ರ ದಶಕದವರೆಗೆ ಕಾಯಬೇಕಾಯಿತು.

ಬಂದ ವರ್ಷವೇ ಡೇಮಿಯನ್ ತನ್ನ ಅಣ್ಣನಿಗೆ ಬರೆದ ಕಾಗದದಲ್ಲಿ ಒಂದು ಸಂಗತಿಯಿದೆ. ಪ್ರವಚನ ಮಾಡುವಾಗ ರೋಗಿಗಳನ್ನು ಉದ್ದೇಶಿಸಿ 'ನೀವು' ಎನ್ನದೆ, ಕುಷ್ಠರೋಗಿಗಳಾದ 'ನಾವು' ಎಂದು ಆತ ಹೇಳುತ್ತಿದ್ದನಂತೆ. ಆಗ ಅವನ ಮೈ ಆರೋಗ್ಯವಾಗಿತ್ತು. ಹನ್ನೊಂದು ವರ್ಷಗಳ ನಂತರ, 1884ರ ಡಿಸೆಂಬರಿನಲ್ಲಿ, ಕುದಿನೀರು ತಗುಲಿದರೂ ಅವನ ಕಾಲಿಗೆ ನೋವಾಗಲಿಲ್ಲ. ಮಾತಿನಲ್ಲಿದ್ದ 'ನಾವು' ಮೈಯಲ್ಲಿಯೂ ನಿಜವಾಯಿತು. 1889ರ ಏಪ್ರಿಲ್ 15ರಂದು ಆತ ತೀರಿಕೊಂಡ.

ಡೇಮಿಯನ್ ದೋಷವಿಲ್ಲದವನಾಗಿರಲಿಲ್ಲ. ಹಟಮಾರಿ, ಮುಂಗೋಪಿ. ಮೇಲಿನವರೊಡನೆ ಜಗಳ ತಪ್ಪಿದ್ದಿಲ್ಲ. ಅವನು ಸತ್ತ ಮೇಲೆ ಹೊನೊಲುಲುವಿನ ಪ್ರಾಟೆಸ್ಟೆಂಟ್ ಪಾದ್ರಿ ಹೈಡ್ ಅವನನ್ನು ಹಳಿದು ಬರೆದ ಕಾಗದ ಅಚ್ಚಾಯಿತು. ಅದಕ್ಕೆ 1890ರಲ್ಲಿ ಬಹಿರಂಗ ಪತ್ರದ ಮೂಲಕ ಉತ್ತರ ಕೊಟ್ಟವನು 'ಟ್ರೆಷರ್ ಐಲೆಂಡ್' ಬರೆದ ಸ್ಟೀವನ್ಸನ್. ಅವನೂ ಪ್ರಾಟೆಸ್ಟೆಂಟ್ ಮನೆತನದವನೇ. ಡೇಮಿಯನ್ ತೀರಿಕೊಂಡ ಮುಂದಿನ ತಿಂಗಳು ಅಲ್ಲಿಗೆ ಹೋಗಿ ಕಣ್ಣಾರೆ ಕಂಡುಬಂದಿದ್ದ. ಡೇಮಿಯನ್ನನ ಕುಂದುಗಳನ್ನು ಅವನು ಮುಚ್ಚಿಡಲಿಲ್ಲ. ಆ ಕುಂದುಗಳನ್ನು ಹೊತ್ತ ಮನುಷ್ಯನೇ ಅಲ್ಲಿ ನಿಂತ, ಉಳಿದವರು ದೂರದಲ್ಲಿ ಸುಖವಾಗಿದ್ದರು ಎಂಬುದು ಅವನ ವಾದದ ತಿರುಳು. ಬೆಳಕನ್ನು ತೋರಲು ಕನ್ನಡಿ ಬಂಗಾರದ್ದೇ ಆಗಬೇಕಿಲ್ಲ, ಬೆಳಕಿನ ಕಡೆಗೆ ತಿರುಗಿದ್ದರೆ ಸಾಕು ಎಂದು ನನಗೆ ತೋರುತ್ತದೆ.

ಇನ್ನೊಬ್ಬನನ್ನು ನೆನೆಯದಿದ್ದರೆ ಚರಿತ್ರೆಗೆ ಅನ್ಯಾಯವಾದೀತು. ಅದೇ 1873ರಲ್ಲಿ ಜೊನಾಥನ್ ನಪೇಲ ಎಂಬ ಹವಾಯಿಯ ಮಾರ್ಮನ್ ಪಂಥದ ಗೃಹಸ್ಥ, ರೋಗಿಯಾದ ತನ್ನ ಹೆಂಡತಿ ಕಿಟ್ಟಿಯನ್ನು ಬಿಟ್ಟಿರಲಾರದೆ ಅವಳ ಸಹಾಯಕನಾಗಿ ಅಲ್ಲಿಗೆ ಬಂದ. ಅವನಿಗೂ ರೋಗ ತಗುಲಿ 1879ರಲ್ಲಿ ತೀರಿಕೊಂಡ. ಬೇರೆ ಪಂಥದವನಾದರೂ ಅವನಿಗೂ ಡೇಮಿಯನ್ನನಿಗೂ ಸ್ನೇಹವಿತ್ತು. ರೋಗಿಗಳು ಕರುಣೆಗೆ ಕೈಚಾಚಿ ಕುಳಿತವರು ಮಾತ್ರವಲ್ಲ. ಹಾಡಿಕೊಂಡು, ಮದುವೆಯಾಗಿ, ಒಬ್ಬರಿಗೊಬ್ಬರು ಆಸರೆಯಾಗಿ ಅವರೇ ಅಲ್ಲೊಂದು ಊರನ್ನು ಕಟ್ಟಿಕೊಂಡಿದ್ದರು. ಆ ಊರಿನಲ್ಲಿ ಡೇಮಿಯನ್ ಒಬ್ಬ ನೆರೆಯವನು.

ನಮ್ಮ ನಾಡಿನಲ್ಲಿಯೂ ಇಂಥ ಒಂದು ನೆರೆಯಿತ್ತು. ಜರ್ಮನಿಯಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೊಪಥಿ ಔಷಧಿ ಕೊಡಲಾರಂಭಿಸಿದರು. 1890ರಲ್ಲಿ, ಡೇಮಿಯನ್ ತೀರಿಕೊಂಡ ಮರುವರ್ಷ, ಕುಷ್ಠರೋಗಿಗಳಿಗಾಗಿ ಅಲ್ಲೊಂದು ಆಶ್ರಯ ಎದ್ದಿತು. ಮುಲ್ಲರರ ಹೆಸರು ಅಲ್ಲಿನ ಆಸ್ಪತ್ರೆಗೆ ಇಂದಿಗೂ ಇದೆ.

ಈಗ ಕುಷ್ಠ ಗುಣವಾಗುವ ರೋಗ. ಮದ್ದಿನ ಶಕ್ತಿ ಬಂದಿದೆ. ಅದನ್ನೂ ದೇವರ ಶಕ್ತಿಯೆಂದು ನಂಬುವವರು ನಂಬಲಿ. ಆದರೆ ಮದ್ದು ಇಲ್ಲದಿದ್ದ ದಿನಗಳಲ್ಲಿ ಡೇಮಿಯನ್ ತೋರಿದ ಶಕ್ತಿ ಬೇರೆಯದು: ಏನೂ ಮಾಡಲಾಗದ ಕಡೆಯಲ್ಲಿಯೂ ಬಿಟ್ಟುಹೋಗದೆ ನಿಲ್ಲುವ ಶಕ್ತಿ. ರೋಗ ಹೋಗಲಿಲ್ಲ, ಮಾರುದೂರ ಹೋಯಿತು.

1936ರಲ್ಲಿ ಡೇಮಿಯನ್ನನ ದೇಹವನ್ನು ಮೊಲೊಕಾಯಿಯಿಂದ ಬೆಲ್ಜಿಯಮ್ಮಿಗೆ ಒಯ್ದರು. 2009ರಲ್ಲಿ ರೋಮಿನ ಸಭೆ ಅವನನ್ನು ಸಂತನೆಂದು ಸಾರಿತು. ನಡುವೆ, 1995ರಲ್ಲಿ, ಅವನ ದೇಹದ ಒಂದು ಭಾಗವನ್ನು ಮೊಲೊಕಾಯಿಗೆ ಮರಳಿಸಿ ಹಳೆಯ ಗೋರಿಯಲ್ಲಿಯೇ ಇಟ್ಟರು.

ಅದು ಅವನ ಬಲಗೈ.