ಜಡೆಯ ಹುಡುಗಿಯನ್ನು ಬರೆದವರಾರು?

1998ರ ಜನವರಿಯಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಂದು ಪುಟ್ಟ ಚಿತ್ರ 21,850 ಡಾಲರಿಗೆ ಮಾರಾಟವಾಯಿತು. ಉದ್ದ ಜಡೆಗೆ ಪಟ್ಟಿ ಸುತ್ತಿ ಬಿಗಿದ, ಪಕ್ಕಕ್ಕೆ ಮುಖ ಮಾಡಿ ಕುಳಿತ ಎಳೆಯ ಹುಡುಗಿ. 19ನೆಯ ಶತಮಾನದ ಆರಂಭದ ಜರ್ಮನ್ ಕೃತಿ ಎಂದು ಹರಾಜಿನ ಪಟ್ಟಿ ಹೇಳಿತ್ತು. 2007ರಲ್ಲಿ ಹೆಚ್ಚುಕಡಿಮೆ ಅಷ್ಟೇ ಬೆಲೆಗೆ ಅದನ್ನು ಕೊಂಡ ಪೀಟರ್ ಸಿಲ್ವರ್‌ಮನ್‌ಗೆ ಇದು ಬೇರೆಯೇ ಕೈಯ ಕೆಲಸವೆನಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಲಿಯೊನಾರ್ಡೊ ಡಾ ವಿಂಚಿಯ ಹೆಸರು ಪತ್ರಿಕೆಗಳಿಗೆ ಬಂತು. ಬೆಲೆಯ ಮಾತು ಹತ್ತು ಕೋಟಿ ಡಾಲರ್ ದಾಟಿತು.

ಈ ವಾದದ ಬೆನ್ನೆಲುಬು ಆಕ್ಸ್‌ಫರ್ಡಿನ ಕಲಾ ಇತಿಹಾಸಕಾರ ಮಾರ್ಟಿನ್ ಕೆಂಪ್. ಚಿತ್ರಕ್ಕೆ 'ಲಾ ಬೆಲ್ಲಾ ಪ್ರಿಂಚಿಪೆಸ್ಸಾ', ಅಂದರೆ ಚೆಲುವೆ ರಾಜಕುಮಾರಿ, ಎಂದು ಹೆಸರಿಟ್ಟವರೂ ಅವರೇ. ನೆರಳು ತೋರಲು ಒತ್ತೊತ್ತಾಗಿ ಎಳೆದ ಓರೆಗೆರೆಗಳು ಎಡಗೈಯವು, ಲಿಯೊನಾರ್ಡೊ ಎಡಚ. ಕೇಶಾಲಂಕಾರ 1490ರ ದಶಕದ ಮಿಲಾನಿನದು. ಹಾಗಾಗಿ ಈಕೆ ಅಲ್ಲಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನ ಮಗಳು ಬಿಯಾಂಕಾ ಎಂದು ಅವರ ತೀರ್ಮಾನ. ಪಾಪದ ಹುಡುಗಿ, 1496ರಲ್ಲಿ ಗಂಡನ ಮನೆ ಸೇರಿ ಕೆಲವೇ ತಿಂಗಳಲ್ಲಿ ತೀರಿಕೊಂಡಳು.

ಚಿತ್ರವಿರುವುದು ಕಾಗದದ ಮೇಲಲ್ಲ, ಹದಮಾಡಿದ ಚರ್ಮದ ಹಾಳೆಯ ಮೇಲೆ. ಅಂಚಿನಲ್ಲಿ ಹೊಲಿಗೆಯ ಮೂರು ತೂತುಗಳಿವೆ. ಯಾವುದೋ ಪುಸ್ತಕದಿಂದ ಕಿತ್ತದ್ದಿರಬೇಕೆಂದು ಹುಡುಕುತ್ತ ಹೋದ ಕೆಂಪ್, 2011ರಲ್ಲಿ ವಾರ್ಸಾದ ರಾಷ್ಟ್ರೀಯ ಗ್ರಂಥಾಲಯ ತಲುಪಿದರು. ಸ್ಫೋರ್ಜಾ ವಂಶದ ಚರಿತ್ರೆಯ ಒಂದು ಪ್ರತಿ ಅಲ್ಲಿದೆ. ಅದರಲ್ಲಿ ಒಂದು ಹಾಳೆ ಇಲ್ಲ! ಪತ್ತೇದಾರಿ ಕಾದಂಬರಿಗೆ ಒಪ್ಪುವ ತಿರುವು. ಆದರೆ ಆ ಪುಸ್ತಕದ ಹೊಲಿಗೆಗೆ ಐದು ತೂತುಗಳಿವೆಯಲ್ಲ ಎಂದು ಸಂದೇಹಿಗಳು ಕೇಳಿದರು. ಚರ್ಮದ ಮೇಲೆ ಲಿಯೊನಾರ್ಡೊ ಬರೆದ ಬೇರೊಂದು ಚಿತ್ರವೂ ಗೊತ್ತಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಕಾರ್ಮೆನ್ ಬಂಬಾಕ್ ಅವರಂಥ ತಜ್ಞರು ಇದನ್ನು ಒಪ್ಪಲೇ ಇಲ್ಲ.

ಪ್ರಯೋಗಾಲಯವಾದರೂ ಜಗಳ ಬಿಡಿಸಬಾರದೆ? ಇಂಗಾಲದ ಪರೀಕ್ಷೆ ಚರ್ಮದ ಕಾಲವನ್ನು 1440ರಿಂದ 1650ರ ನಡುವೆ ಇಟ್ಟಿತು. ಆದರೆ ಅದು ಹೇಳುವುದು ದನ ಸತ್ತ ಕಾಲವನ್ನು. ಗೆರೆ ಎಳೆದ ಕಾಲವನ್ನಲ್ಲ. ಹಳೆಯ ಚರ್ಮ ದೊರಕಿಸುವುದು ನಕಲಿಗಾರನಿಗೆ ಕಷ್ಟವೇನಲ್ಲ. ನನಗೆ ಇದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ಇನ್ನೊಂದು: ಇಟಲಿಯ ಚಿತ್ರ ದುರಸ್ತಿಗಾರ ಜಾನಿನೊ ಮಾರ್ಕಿಗ್ ಬಳಿಗೆ ಬರುವ ಮೊದಲು, ಸುಮಾರು ನಾಲ್ಕೂವರೆ ಶತಮಾನ, ಈ ಚಿತ್ರದ ಸುದ್ದಿಯೇ ಎಲ್ಲೂ ಇಲ್ಲ.

2015ರಲ್ಲಿ ಮತ್ತೊಬ್ಬ ಹಕ್ಕುದಾರ ಬಂದ. ನಕಲಿ ಕಲಾಕೃತಿಗಳಿಗಾಗಿ ಇಂಗ್ಲೆಂಡಿನಲ್ಲಿ ಜೈಲು ಕಂಡಿದ್ದ ಶಾನ್ ಗ್ರೀನ್‌ಹಾಲ್, ಇದು 1978ರಲ್ಲಿ ತಾನೇ ಬರೆದದ್ದು, ರೂಪದರ್ಶಿ ಅಂಗಡಿಯಲ್ಲಿ ಹಣ ಎಣಿಸುತ್ತಿದ್ದ ಸ್ಯಾಲಿ ಎಂಬ ಹುಡುಗಿ ಎಂದ. ಕೆಂಪ್ ಇದನ್ನು ತಳ್ಳಿಹಾಕಿದರು. ಮಾರ್ಕಿಗ್‌ರ ಪತ್ನಿಯ ಹೇಳಿಕೆಯಂತೆ, ತಮ್ಮ ಮದುವೆಯಾದ 1955ರಲ್ಲೇ ಚಿತ್ರ ಗಂಡನ ಬಳಿ ಇತ್ತು. ಆಗ ಗ್ರೀನ್‌ಹಾಲ್ ಹುಟ್ಟಿಯೇ ಇರಲಿಲ್ಲ.