ದೇವನಹಳ್ಳಿಯಿಂದ ದೂರಯಾನ: ಫಸ್ಟ್ ಕ್ಲಾಸನ್ನು ಅಳೆಯುವುದು ಹೇಗೆ?

ವಿಮಾನದ ಫಸ್ಟ್ ಕ್ಲಾಸ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸೀಟಿನ ಅಗಲ, ಶಾಂಪೇನಿನ ಹೆಸರು, ಹೊದಿಕೆಯ ನಯ ಇವನ್ನೆಲ್ಲ ಪಟ್ಟಿ ಮಾಡಿ ಅಂಕ ಹಾಕುತ್ತಾರೆ. ಅದೇ ಪಟ್ಟಿ ನಾಲ್ಕು ಗಂಟೆಯ ಹಾರಾಟಕ್ಕೂ ಹದಿನೇಳು ಗಂಟೆಯ ಹಾರಾಟಕ್ಕೂ ಸಲ್ಲುತ್ತದೆಯೇ? 2008ರ ಮೇ 24ರಂದು ಶುರುವಾದ ದೇವನಹಳ್ಳಿಯ ನಿಲ್ದಾಣದಿಂದ ಹೊರಟ ಕೆಲವು ಮಾರ್ಗಗಳನ್ನು ಮುಂದಿಟ್ಟುಕೊಂಡು ನೋಡಿದರೆ ಸಲ್ಲುವುದಿಲ್ಲ ಎನ್ನಿಸುತ್ತದೆ. ಪ್ರಯಾಣಿಕರಿಗೆ ಅಡ್ಡಿಯಿಲ್ಲದ ನಿದ್ದೆ ಎಷ್ಟು ಹೊತ್ತು ದಕ್ಕಿತು, ಇಳಿಯುವಾಗ ಮೈ ಎಷ್ಟು ಹಗುರವಾಗಿತ್ತು ಎಂಬುದನ್ನು ಮೊದಲು ಕೇಳಬೇಕು, ಉಳಿದದ್ದೆಲ್ಲ ಆಮೇಲೆ. ಈ ಟಿಪ್ಪಣಿಯ ವಾದ ಇಷ್ಟೇ.

2022ರ ಅಕ್ಟೋಬರ್ 14ರಂದು ಎಮಿರೇಟ್ಸ್ ಇಲ್ಲಿಗೆ ಎ380 ತಂದಿತು. ಅದರ ಮೇಲಂತಸ್ತಿನಲ್ಲಿ ಬಾಗಿಲುಳ್ಳ 14 ಫಸ್ಟ್ ಕ್ಲಾಸ್ ಕೋಣೆಗಳು, ಎರಡು ಸ್ನಾನದ ಮನೆಗಳು. ಒಬ್ಬರಿಗೆ ಐದು ನಿಮಿಷ ಬಿಸಿನೀರು. ಆಗ ಪ್ರಕಟವಾದ ವೇಳಾಪಟ್ಟಿಯಂತೆ ವಿಮಾನ ಬೆಳಗಿನ ಜಾವ 4.30ಕ್ಕೆ ಹೊರಟು ದುಬೈ ಸಮಯ 7.10ಕ್ಕೆ ಇಳಿಯುತ್ತಿತ್ತು, ಅಂದರೆ ನಾಲ್ಕು ಗಂಟೆಯ ಮೇಲೆ ಹತ್ತು ನಿಮಿಷ. ಏರುವ ಇಳಿಯುವ ಹೊತ್ತು ಕಳೆದರೆ ಮೂರು ಗಂಟೆ ಉಳಿದರೆ ಹೆಚ್ಚು. ಆ ಮೂರು ಗಂಟೆಯಲ್ಲಿ ಊಟವೋ, ಸ್ನಾನವೋ, ನಿದ್ದೆಯೋ? ಮೂರನ್ನೂ ಮಾಡಹೊರಟವರಿಗೆ ಯಾವುದೂ ನೆಟ್ಟಗೆ ಸಿಗುವುದಿಲ್ಲ. ನಡುರಾತ್ರಿಯಿಂದ ಎಚ್ಚರವಿದ್ದು ಬಂದವರನ್ನು ಎಬ್ಬಿಸದೆ ಬಿಡುವ ಸಿಬ್ಬಂದಿಗೆ ಈ ಮಾರ್ಗದಲ್ಲಿ ನಾನು ಹೆಚ್ಚು ಅಂಕ ಕೊಡುತ್ತೇನೆ. ಅದೇ ಸ್ನಾನದ ಮನೆ ದುಬೈಯಿಂದ ಮುಂದೆ ಅಮೆರಿಕಕ್ಕೆ ಹೋಗುವ ಎ380ಯಲ್ಲಿ ನಿಜವಾದ ಉಪಕಾರ.

ಇನ್ನೊಂದು ತುದಿಯಲ್ಲಿದೆ ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗ. ಅಲ್ಲಿಂದ 2021ರ ಜನವರಿ 9ರಂದು ಹೊರಟ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ಉತ್ತರ ಧ್ರುವದ ಮೇಲಿಂದ ಹಾದು 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ವಿಮಾನ ನಡೆಸಿದವರೆಲ್ಲ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳುತನ. ದೂರ ಸುಮಾರು 14,000 ಕಿ.ಮೀ., ಹೊತ್ತು ಹದಿನೇಳು ಗಂಟೆಯ ಆಸುಪಾಸು. ಆ ವಿಮಾನದ 238 ಸೀಟುಗಳಲ್ಲಿ ಫಸ್ಟ್ ಕ್ಲಾಸಿನವು ಎಂಟೇ ಎಂಟು. ಇಷ್ಟುದ್ದದ ಪಯಣದಲ್ಲಿ ಎರಡು ಸಲ ಮಲಗಿ ಏಳಬಹುದು. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಹಾಸಿಗೆ ಸಪಾಟಾಗುತ್ತದೆಯೇ, ಓದುವ ದೀಪ ಉರಿಯುತ್ತದೆಯೇ, ಹನ್ನೆರಡನೆಯ ಗಂಟೆಯಲ್ಲಿ ಶೌಚಾಲಯ ಶುಚಿಯಾಗಿದೆಯೇ? ದುರಸ್ತಿಯನ್ನು ಕ್ಷುಲ್ಲಕ ಎನ್ನುವ ವಿಮರ್ಶಕರನ್ನು ನಾನು ಒಪ್ಪಲಾರೆ. ಟಾಟಾ ಸಮೂಹದ ಕೈಗೆ ಬಂದ ವರ್ಷವೇ, 2022ರ ಡಿಸೆಂಬರಿನಲ್ಲಿ, ಏರ್ ಇಂಡಿಯಾ ತನ್ನ 27 ಬೋಯಿಂಗ್ 787 ಮತ್ತು 13 ಬೋಯಿಂಗ್ 777 ವಿಮಾನಗಳ ಒಳಭಾಗ ನವೀಕರಿಸಲು 40 ಕೋಟಿ ಡಾಲರಿನ ಯೋಜನೆ ಪ್ರಕಟಿಸಿತು. ಸೀಟಿನ ಸ್ಥಿತಿ ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬಾಗಿಲು, ಸಪಾಟು ಹಾಸಿಗೆ ಇವನ್ನೇ ಫಸ್ಟ್ ಕ್ಲಾಸಿನ ಗುರುತು ಎನ್ನುವ ಕಾಲವೂ ಮುಗಿದಿದೆ. 2020ರ ಜನವರಿಯಿಂದ ಬ್ರಿಟಿಷ್ ಏರ್‌ವೇಸ್ ಲಂಡನ್ ಮಾರ್ಗಕ್ಕೆ ಹಾಕಿದ ಎ350-1000 ವಿಮಾನದಲ್ಲಿ ಫಸ್ಟ್ ಕ್ಲಾಸೇ ಇಲ್ಲ. ಬಿಸಿನೆಸ್ ಕ್ಲಾಸಿನ 56 ಸೀಟುಗಳಿಗೂ ಬಾಗಿಲಿದೆ. ಅದಕ್ಕೂ ಮುಂಚೆ, 2008ರ ಸೆಪ್ಟೆಂಬರಿನಲ್ಲಿ, ಕಿಂಗ್‌ಫಿಷರ್ ಇಲ್ಲಿಂದ ಲಂಡನ್ನಿಗೆ ಹಾರಿಸಿದ ಎ330ಯಲ್ಲಿ ‘ಕಿಂಗ್‌ಫಿಷರ್ ಫಸ್ಟ್’ ಎಂಬ 30 ಸೀಟುಗಳಿದ್ದವು. ಮೂವತ್ತು ಜನರನ್ನು ಎಂಟು ಜನರಂತೆ ನೋಡಿಕೊಳ್ಳಲು ಯಾವ ಸಿಬ್ಬಂದಿಗೂ ಕಷ್ಟ. ಆದ್ದರಿಂದ ಸೀಟುಗಳ ಸಂಖ್ಯೆಯನ್ನೇ ಒಂದು ಮಾನದಂಡವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಲುಫ್ತಾನ್ಸಾದ 747-8ರಲ್ಲಿ ಎಂಟು ಸೀಟುಗಳು ಮೂತಿಯ ಭಾಗದಲ್ಲಿವೆ. ಎಂಜಿನ್ನುಗಳು ಬಹಳ ಹಿಂದೆ, ಮುಂದೆ ಹಾದುಹೋಗುವವರಿಲ್ಲ. ಆ ಜಾಗದ ಸದ್ದಡಗಿದ ನೆಮ್ಮದಿಯನ್ನು ಯಾವ ಅಲಂಕಾರವೂ ತಂದುಕೊಡಲಾರದು.

ಇನ್ನು ಗಾಳಿ ಮತ್ತು ರುಚಿ. ದೇವನಹಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಹಾರುವ ವಿಮಾನದೊಳಗಿನ ಒತ್ತಡ ಸಾಮಾನ್ಯವಾಗಿ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಗೆ ಸಮನಾಗುವವರೆಗೆ ಇಳಿಯಬಹುದು; 787, ಎ350ಗಳಲ್ಲಿ ಅದನ್ನು 6,000 ಅಡಿಯ ಸುಮಾರಿಗೆ ನಿಲ್ಲಿಸುತ್ತಾರೆ. ಈ ಒತ್ತಡ ಎಲ್ಲ ದರ್ಜೆಗೂ ಒಂದೇ. ಎಷ್ಟೇ ದುಡ್ಡು ಕೊಟ್ಟರೂ ಹಳೆಯ ವಿಮಾನದ ಫಸ್ಟ್ ಕ್ಲಾಸಿನಲ್ಲಿ ಹೊಸ ವಿಮಾನದ ಎಕಾನಮಿಯ ಗಾಳಿ ಸಿಗುವುದಿಲ್ಲ. ದರ್ಜೆಗಿಂತ ಮೊದಲು ವಿಮಾನದ ಮಾದರಿ ನೋಡಬೇಕು ಎನ್ನುವುದು ಇದಕ್ಕೇ.

ಜರ್ಮನಿಯ ಹೋಲ್ಜ್‌ಕಿರ್ಖೆನ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆ ಲುಫ್ತಾನ್ಸಾಕ್ಕಾಗಿ ನಡೆಸಿದ ಪ್ರಯೋಗಗಳಲ್ಲಿ ಕಡಿಮೆ ಒತ್ತಡ ಮತ್ತು ಒಣಹವೆಯಲ್ಲಿ ನಾಲಿಗೆಗೆ ಉಪ್ಪು, ಸಿಹಿ ಮಂಕಾಗುತ್ತವೆ, ಹುಳಿ ಅಷ್ಟಾಗಿ ಮಂಕಾಗುವುದಿಲ್ಲ ಎಂದು ಕಂಡುಬಂತು. ವಿಮಾನದ ಮೊರೆತದಂಥ ಸದ್ದಿನಲ್ಲಿ ಸಿಹಿ ಕುಗ್ಗುತ್ತದೆ ಎಂದು 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಯನವೂ ತೋರಿಸಿತು. ಹಾಗಿದ್ದರೆ ಹುಣಸೆಹುಳಿಯ ಸಾರು, ಚಿತ್ರಾನ್ನ, ಇಲ್ಲಿನದೇ ಚಕ್ಕೋತದ ತೊಳೆ ಮೇಲೆ ಸಪ್ಪೆಯಾಗದೆ ನಿಲ್ಲಬೇಕು. ಭೌಗೋಳಿಕ ಸೂಚಕ ಪಡೆದ ದೇವನಹಳ್ಳಿ ಚಕ್ಕೋತ ನಿಲ್ದಾಣದ ಬೇಲಿಯಾಚೆಗೇ ಬೆಳೆಯುತ್ತದೆ. ಇಲ್ಲಿಂದ ಊಟ ತುಂಬಿಕೊಂಡು ಹೊರಡುವ ವಿಮಾನದ ಫಸ್ಟ್ ಕ್ಲಾಸ್ ತಟ್ಟೆಯಲ್ಲಿ ಅದಕ್ಕೊಂದು ಜಾಗ ಸಿಗಬೇಕೆಂಬುದು ಬರೀ ಊರಿನ ಅಭಿಮಾನದ ಮಾತಲ್ಲ.

ಕೊನೆಯದು ಭಾಷೆ, ಅಂಕಪಟ್ಟಿಗಳಲ್ಲಿ ಇದು ಕಾಣುವುದೇ ಇಲ್ಲ. ಹೊರದೇಶದಲ್ಲಿರುವ ಮಕ್ಕಳು ಕೂಡಿಟ್ಟ ಮೈಲುಗಳನ್ನು ಬಳಸಿ ವಯಸ್ಸಾದ ಅಪ್ಪ ಅಮ್ಮನಿಗೆ ಮುಂದಿನ ಕ್ಯಾಬಿನ್ನಿನ ಸೀಟು ಕೊಡಿಸುವುದುಂಟು. ಸೀಟಿನ ಗುಂಡಿಗಳ ಚಿತ್ರಗಳು ಅರ್ಥವಾಗದೆ, ಕೇಳಲು ಸಂಕೋಚಪಟ್ಟು, ಹತ್ತಾರು ಗಂಟೆ ನೆಟ್ಟಗೆ ಕೂತೇ ಹೋಗುವ ಅಜ್ಜಿಗೆ ಆ ಹಾಸಿಗೆ ಇದ್ದೂ ಇಲ್ಲದಂತೆ. ‘ಅಮ್ಮಾ, ಇದನ್ನು ಒತ್ತಿ, ಕಾಲು ಚಾಚಿ ಮಲಗಬಹುದು’ ಎಂದು ಕನ್ನಡದಲ್ಲಿ ಹೇಳುವವರು ವಿಮಾನದೊಳಗೆ ಒಬ್ಬರಾದರೂ ಇರಬೇಕು. ಬೆಂಗಳೂರಿನ ದೂರಯಾನಗಳಿಗೆ ಅಂಕ ಹಾಕುವವರು ಇದನ್ನು ಸೀಟಿನ ಅಗಲದ ಪಕ್ಕದಲ್ಲೇ ಬರೆದುಕೊಳ್ಳಲಿ.