ಹಳೆಯ ಜೀಪು, ಕಾಣದ ತಂತಿ

ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ಸಂಪಾಜೆ ಘಾಟಿ ಹತ್ತಿ ಬಂದರೂ, ಮಾಕುಟ್ಟದ ಕಾಡು ದಾಟಿ ಬಂದರೂ, ಕುಶಾಲನಗರದ ಕಡೆಯಿಂದ ಬಂದರೂ ರಸ್ತೆಯನ್ನೇ ನಂಬಬೇಕು. ರಸ್ತೆ ಮುಗಿದು ಕಾಫಿ ತೋಟದ ಕೆಸರುದಾರಿ ಶುರುವಾಗುವಲ್ಲಿ ಜನ ಬಹುಕಾಲದಿಂದ ನಂಬಿದ್ದು ಜೀಪನ್ನು.

ಜೀಪಿನ ಚರಿತ್ರೆ ಬರೆಯುವವರು ಯುದ್ಧದ ಕತೆ ಹೇಳುತ್ತಾರೆ, ಕಂಪೆನಿಗಳ ಕತೆ ಹೇಳುತ್ತಾರೆ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. 1945ರಲ್ಲಿ ಮಹೀಂದ್ರಾ ಸಹೋದರರು ಮತ್ತು ಮಲಿಕ್ ಗುಲಾಂ ಮುಹಮ್ಮದ್ ಸೇರಿ ‘ಮಹೀಂದ್ರಾ ಅಂಡ್ ಮುಹಮ್ಮದ್’ ಎಂಬ ಉಕ್ಕಿನ ವ್ಯಾಪಾರ ಸಂಸ್ಥೆಯನ್ನು ಕಟ್ಟಿದರು. ದೇಶ ಒಡೆದಾಗ ಗುಲಾಂ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, 1951ರಲ್ಲಿ ಗವರ್ನರ್ ಜನರಲ್ ಆದರು. ಇಲ್ಲಿ 1948ರಲ್ಲಿ ಸಂಸ್ಥೆಯ ಹೆಸರು ‘ಮಹೀಂದ್ರಾ ಅಂಡ್ ಮಹೀಂದ್ರಾ’ ಎಂದಾಯಿತು. ನಮ್ಮ ದೇಶದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಿ ಮಾರಿದ್ದು ಇದೇ ಸಂಸ್ಥೆ. ಒಂದು ಹೆಸರು ಉಳಿಯಿತು, ಇನ್ನೊಂದು ಅಳಿಯಿತು.

ನಾವು ಹೇಳಹೊರಟಿರುವುದು ಇದಕ್ಕಿಂತ ಸಣ್ಣ ಕತೆ, ಕೇಬಲ್ಲಿನ ಕತೆ. 1896ರಲ್ಲಿ ಅರ್ನೆಸ್ಟ್ ಬೌಡನ್ ಎಂಬವರು ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಉಕ್ಕಿನ ಎಳೆಗಳನ್ನು ಹೊಸೆದ ಒಳತಂತಿ, ಅದರ ಸುತ್ತ ಸುರುಳಿಯಾಗಿ ಸುತ್ತಿದ ಹೊರಕವಚ. ಒಳತಂತಿ ಎಳೆತವನ್ನು ತಾಳುತ್ತದೆ, ಹೊರಕವಚ ಒತ್ತಡವನ್ನು ತಾಳುತ್ತದೆ. ಆದ್ದರಿಂದ ದಾರಿ ಎಷ್ಟು ಬಾಗಿದ್ದರೂ ಕೈಯ ಬಲ ತಲುಪಬೇಕಾದಲ್ಲಿಗೆ ತಲುಪುತ್ತದೆ. ಸೈಕಲ್ಲಿನ ಬ್ರೇಕಿಗೂ ಜೀಪಿನ ಚೋಕಿಗೂ ಹ್ಯಾಂಡ್‌ಬ್ರೇಕಿಗೂ ಒಂದೇ ಉಪಾಯ.

ಕೆಲವು ವರ್ಷಗಳ ಹಿಂದೆ ತೋಟವೊಂದರ ಶೆಡ್ಡಿನಲ್ಲಿ ನಿಂತೇ ಇದ್ದ ಜೀಪೊಂದನ್ನು ನಾವು ಕೊಂಡೆವು. ಮೊದಲು ಮಾಡಿಸಿದ್ದು ಪೇಂಟು, ಆಮೇಲೆ ಸೀಟು. ಹ್ಯಾಂಡ್‌ಬ್ರೇಕ್ ಎಳೆದರೆ ಗಟ್ಟಿಯಾಗಿಯೇ ಇತ್ತು, ಅಷ್ಟು ಸಾಕೆಂದುಕೊಂಡೆವು. ಒಂದು ಸಂಜೆ ಇಳಿಜಾರಿನಲ್ಲಿ ನಿಲ್ಲಿಸಿ ಕೆಳಗಿಳಿದೆವು. ಹಿಂದೆ ಮನೆಯ ಮಕ್ಕಳು ಕುಳಿತಿದ್ದರು. ಜೀಪು ಮೆಲ್ಲಗೆ ಹಿಂದಕ್ಕೆ ಸರಿಯಿತು. ಒಂದು ಸಿಲ್ವರ್ ಓಕ್ ಮರ ಅದನ್ನು ತಡೆಯಿತು. ಮಕ್ಕಳಿಗೆ ಏನೂ ಆಗಲಿಲ್ಲ. ನಮಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಗ್ಯಾರೇಜಿನ ಉಸ್ತಾದರು ಕೇಬಲ್ ಬಿಚ್ಚಿ ತೋರಿಸಿದರು. ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರಗಳನ್ನಲ್ಲ, ಗೇರ್ ಪೆಟ್ಟಿಗೆಯ ಹಿಂದಿನ ಶಾಫ್ಟನ್ನು. ತಂತಿ ಹೊಟ್ಟೆಯಡಿ, ಕೆಸರು ಎರಚುವ ಜಾಗದಲ್ಲಿ ಹಾದುಹೋಗುತ್ತದೆ. ಕವಚ ಮೇಲಿನಿಂದ ಚೆನ್ನಾಗಿಯೇ ಕಂಡಿತು. ಒಳಗೆ ಮಳೆಗಾಲಗಳ ನೀರು ನಿಂತು ತುಕ್ಕು ಕಚ್ಚಿತ್ತು. ನಮ್ಮ ಕೈಗೆ ಸಿಕ್ಕ ಆ ಗಟ್ಟಿತನ ಬ್ರೇಕಿನದಲ್ಲ, ತುಕ್ಕಿನದು. “ಪೇಂಟು ಯಾವಾಗ ಬೇಕಾದರೂ ಹೊಡೆಯಬಹುದಿತ್ತಲ್ಲ ಭಾಯ್” ಎಂದರು ಅವರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಅವರು ಕಲಿಸಿದ್ದು ಇಷ್ಟು. ಒಂದೇ ಒಂದು ಎಳೆ ಕಿತ್ತಿದ್ದರೂ ತಂತಿಯನ್ನು ಬದಲಿಸಬೇಕು, ಬೆಸುಗೆ ಹಾಕಿ ಉಳಿಸಬಾರದು. ಎಳೆಗಳು ಮೊದಲು ಕೀಳುವುದು ತುದಿಯ ನಿಪ್ಪಲ್ ಹತ್ತಿರ. ತಂತಿ ಚೆನ್ನಾಗಿದ್ದರೆ ಕೇಬಲನ್ನು ಜಂತಿಗೆ ನೇತುಹಾಕಿ, ಮೇಲಿನ ಬಾಯಿಗೆ ಆಲಿಕೆ ಕಟ್ಟಿ, ತೆಳು ಎಣ್ಣೆ ಕೆಳಗಿನ ತುದಿಯಲ್ಲಿ ತೊಟ್ಟಿಕ್ಕುವವರೆಗೆ ಬಿಡಬೇಕು. ಒಳಗೆ ಪ್ಲಾಸ್ಟಿಕ್ ಪದರವಿರುವ ಹೊಸ ಕೇಬಲ್ಲಿಗೆ ಎಣ್ಣೆ ಬೇಡ. ಸ್ಪೀಡೋಮೀಟರಿನ ತಂತಿ ಎಳೆಯುವುದಿಲ್ಲ, ತಿರುಗುತ್ತದೆ. ಅದಕ್ಕೆ ತೆಳುವಾಗಿ ಗ್ರೀಸ್ ಸವರಿ, ಮೀಟರಿನ ಕಡೆಯ ತುದಿಯನ್ನು ಒಣಗಿಯೇ ಬಿಡಬೇಕು, ಇಲ್ಲದಿದ್ದರೆ ಗ್ರೀಸ್ ಮೀಟರಿನೊಳಗೆ ಏರುತ್ತದೆ. ಕೇಬಲ್ ಸೈಲೆನ್ಸರ್ ಪೈಪಿಗೆ ತಾಗಬಾರದು, ಒಮ್ಮೆಲೇ ಮಡಚಿಕೊಳ್ಳಲೂಬಾರದು. ಮೊದಲು ಬ್ರೇಕ್ ಲೈನರ್ ಹೊಂದಿಸಬೇಕು, ಆಮೇಲೆ ಕೇಬಲ್. ಸವೆದ ಲೈನರನ್ನು ಕೇಬಲ್ ಬಿಗಿದು ಮುಚ್ಚಿಡುವುದು ಮೋಸ. ಮಳೆಗಾಲದಲ್ಲಿ ಗಾಡಿಯನ್ನು ದಿನಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡದೆ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಬೇಕು.

ಕೊಡಗಿನ ಮಲೆಯಾಳಿ ಮುಸ್ಲಿಮರಲ್ಲಿ ಉಸ್ತಾದ್ ಎಂದರೆ ಮದರಸದ ಗುರು. ಉರ್ದು ಮಾತಾಡುವ ನಮ್ಮಂಥವರ ಮನೆಗಳಲ್ಲಿ ಗ್ಯಾರೇಜಿನ ಗುರುವೂ ಉಸ್ತಾದನೇ. ನಿಮಗೆ ಕಲಿಸಿದವರು ಯಾರು ಎಂದು ನಾವು ಕೇಳಿದೆವು. ಒಂದು ಹೆಸರು ಹೇಳಿದರು. ಅವರಿಗೆ ಕಲಿಸಿದವರು? ಇನ್ನೊಂದು ಹೆಸರು. ಅದರಾಚೆಗೆ ಗೊತ್ತಿಲ್ಲವೆಂದು ತಲೆಯಾಡಿಸಿದರು. ಸೂಫಿಗಳಿಗೆ ಸಿಲ್‌ಸಿಲಾ ಇದೆ, ಹಾಡುಗಾರರಿಗೆ ಘರಾನಾ ಇದೆ. ಪಾನಾ ಹಿಡಿದ ಈ ಕೈಗಳ ಸಿಲ್‌ಸಿಲಾ ಎರಡು ಹೆಸರಿಗೇ ನಿಂತುಹೋಯಿತು. ಅವರ ಮಕ್ಕಳು ಗಲ್ಫಿನಲ್ಲಿದ್ದಾರೆ. ಗ್ಯಾರೇಜಿನಲ್ಲಿ ಈಗ ಶಾಗಿರ್ದ್ ಇಲ್ಲ.

ಮಾಂದಲಪಟ್ಟಿಯ ಏರಿಗೆ ಪ್ರವಾಸಿಗರನ್ನು ಇಂದಿಗೂ ಜೀಪುಗಳೇ ಹೊತ್ತೊಯ್ಯುತ್ತವೆ. ಕುಳಿತವರು ಮಂಜು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಅವರ ಜೀವವನ್ನು ಹಿಡಿದಿರುವುದು ಹೊಟ್ಟೆಯಡಿಯ ತಂತಿಗಳು ಮತ್ತು ಅವುಗಳಿಗೆ ಎಣ್ಣೆ ಬಿಟ್ಟವರ ಕೈಗಳು. ಹಳೆಯ ಗಾಡಿ ಇರುವವರು ಒಮ್ಮೆ ಕೇಬಲ್ ಬಿಚ್ಚಿಸಿ ನೋಡಲಿ. ಬಿಚ್ಚಿದವರ ಹೆಸರನ್ನೂ ಅವರ ಉಸ್ತಾದರ ಹೆಸರನ್ನೂ ಕೇಳಿ ಬರೆದಿಡಲಿ. ನಾವು ಎರಡು ಹೆಸರು ಬರೆದಿಟ್ಟುಕೊಂಡಿದ್ದೇವೆ.